ಕೈ ಮುಟ್ಟುವ ಮುನ್ನ ಒಂದು ಊಹೆ

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮೈಸೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿ. ಇನ್ನೊಬ್ಬರು ಅದೇ ಸೀಮೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿರುವ ಶಿಕ್ಷಕ.)

ಕಿರಿಯರು: ಮೇಡಂ, ನೇರವಾಗಿ ಕೇಳಿಬಿಡ್ತೀನಿ. ಗಣಿತದ ಕಿಟ್ ಶಾಲೆಗೆ ಬಂದಿದೆ. ಅಬಾಕಸ್, ಭಿನ್ನರಾಶಿ ತುಂಡುಗಳು, ಆಟದ ನೋಟು, ಅಳತೆ ಟೇಪು, ತಕ್ಕಡಿ ಎಲ್ಲ ಇದೆ. ನಾಲ್ಕನೇ ಕ್ಲಾಸಿನ ಮಕ್ಕಳು ಒಂದಿಡೀ ಪೀರಿಯಡ್ ಅದರಲ್ಲೇ ಮುಳುಗಿರ್ತಾರೆ. ಆಮೇಲೆ ನೋಟ್‌ಬುಕ್ ತೆಗೀರಿ, 42ರಲ್ಲಿ 17 ಕಳೀರಿ ಅಂದ್ರೆ ಸಾಕಷ್ಟು ಮಕ್ಕಳು 35 ಅಂತ ಬರೀತಾರೆ. ಕಿಟ್ ಇಲ್ಲದ ಕಾಲದಲ್ಲೂ ಮಕ್ಕಳು 35 ಅಂತಲೇ ಬರೀತಿದ್ರು. ಹಾಗಾದ್ರೆ ಮಾಡಿ ಕಲಿಯೋದರಿಂದ ಆದ ಲಾಭ ಏನು? ಪೋಷಕರು ಬೇರೆ, "ಸ್ಕೂಲಲ್ಲಿ ಬರೀ ಆಟ ಆಡಿಸ್ತಾರಂತೆ" ಅಂತಾರೆ.

ಹಿರಿಯರು: ಕಿಟ್ ವಿಷಯ ಆಮೇಲೆ. ಮೊದಲು ಆ 35 ಎಲ್ಲಿಂದ ಬಂತು ನೋಡಪ್ಪಾ. ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 7. ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ನಾವೇ ಹೇಳಿಕೊಟ್ಟಿದ್ದೀವಿ. ಮಗು ಹಾಗೇ ಮಾಡ್ತು, 7ರಲ್ಲಿ 2 ಹೋದ್ರೆ 5. ಹತ್ತರ ಸ್ಥಾನದಲ್ಲಿ 4ರಲ್ಲಿ 1 ಹೋದ್ರೆ 3. ಅದರ ಕಣ್ಣಿಗೆ ಅಲ್ಲಿರೋದು ಎರಡು ಬೇರೆ ಬೇರೆ ಲೆಕ್ಕ. 42 ಅನ್ನೋದು ಒಂದೇ ಗುಡ್ಡೆ, ಅದರಿಂದ 17 ತೆಗೀಬೇಕು ಅನ್ನೋದು ಅದಕ್ಕೆ ಕಂಡಿಲ್ಲ. ಇಷ್ಟು ಗೊತ್ತಾದ ಮೇಲೆ ಹೇಳು, ಕಿಟ್ ಕೊಡೋಕೆ ಮುಂಚೆ ನೀನು ಮಕ್ಕಳನ್ನ ಏನು ಕೇಳಿದೆ?

ಕಿರಿಯರು: ಕೇಳೋದು ಏನಿರುತ್ತೆ ಮೇಡಂ? ಅಬಾಕಸ್ ಕೊಟ್ಟು, 42 ತೋರಿಸಿ ಅಂದೆ. ತೋರಿಸಿದ್ರು.

ಹಿರಿಯರು: ಅಬಾಕಸ್ ಕೊನೆಗೆ ಬರಬೇಕಾದ್ದು. ಅದರಲ್ಲಿ ಹತ್ತರ ಕಂಬಿಯ ಮಣಿಯೂ ಬಿಡಿ ಕಂಬಿಯ ಮಣಿಯೂ ಒಂದೇ ಗಾತ್ರ. ಇದು ಹತ್ತು, ಅದು ಒಂದು ಅನ್ನೋದನ್ನ ಮಗು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಅದೇ ಇಲ್ಲದ ಮಗುವಿಗೆ ಅಬಾಕಸ್ ಅಂದ್ರೆ ಬಣ್ಣದ ಮಣಿ, ಅಷ್ಟೇ. ನಾನು ಶುರು ಮಾಡ್ತಿದ್ದದ್ದು ಪೊರಕೆ ಕಡ್ಡಿಯಿಂದ. ತೆಂಗಿನ ಗರಿಯ ಕಡ್ಡೀನ ಒಂದೇ ಉದ್ದಕ್ಕೆ ಮುರಿದು, ಹತ್ತತ್ತು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡೋದು. ಕಟ್ಟೋ ಕೆಲಸ ಮಕ್ಕಳದ್ದೇ. ನಾವು ಕಟ್ಟಿಟ್ಟು ಕೊಟ್ರೆ ಅರ್ಧ ಪಾಠ ನಾವೇ ಕಲಿತುಬಿಟ್ಟ ಹಾಗೆ. ಒಂದು ಕಟ್ಟಿನೊಳಗೆ ಹತ್ತಿದೆ ಅನ್ನೋದು ಆ ಬೆರಳುಗಳಿಗೆ ಗೊತ್ತಾಗಬೇಕು.

ಕಿರಿಯರು: ಸರಿ, ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. 42 ಆಯ್ತು. ಮುಂದೆ?

ಹಿರಿಯರು: ಮುಂದೆ ಕೈ ಕಟ್ಟಿ ಕೂರಿಸಿ ಒಂದು ಪ್ರಶ್ನೆ. "ನಿನ್ನ ಗೆಳತಿಗೆ 17 ಕಡ್ಡಿ ಕೊಡಬೇಕು. ಯಾವ ಕಟ್ಟನ್ನೂ ಬಿಚ್ಚದೆ ಕೊಡೋಕಾಗುತ್ತಾ? ಕೊಟ್ಟ ಮೇಲೆ ನಿನ್ನ ಹತ್ರ ಮೂವತ್ತಕ್ಕಿಂತ ಜಾಸ್ತಿ ಉಳಿಯುತ್ತಾ, ಕಮ್ಮಿ ಉಳಿಯುತ್ತಾ?" ಪ್ರತಿಯೊಂದು ಮಗುವೂ ತನ್ನ ಊಹೆ ಹೇಳಬೇಕು. ಕೆಲವರು ಜಾಸ್ತಿ ಅಂತಾರೆ, ಕೆಲವರು ಕಮ್ಮಿ ಅಂತಾರೆ. ಯಾರನ್ನೂ ತಿದ್ದಬಾರದು. ಈಗ ಕೈ ಹಾಕಲಿ. ಒಂದು ಕಟ್ಟು ಕೊಡೋದು ಸುಲಭ, ಹತ್ತು ಹೋಯ್ತು. ಇನ್ನೂ ಏಳು ಬೇಕು, ಕೈಯಲ್ಲಿ ಬಿಡಿಯಾಗಿ ಇರೋದು ಎರಡೇ. ಅಲ್ಲಿ ಮಗು ನಿಲ್ಲುತ್ತೆ. ಆ ನಿಲ್ಲೋ ಗಳಿಗೆಗೋಸ್ಕರವೇ ಈ ಕಡ್ಡಿಗಳೆಲ್ಲ. ಸುಮ್ಮನೆ ಕಾದ್ರೆ, ಯಾರಾದ್ರೂ ಒಬ್ಬರು ರಬ್ಬರ್ ಬ್ಯಾಂಡ್ ಎಳೀತಾರೆ. ಹತ್ತು ಬಿಡಿಯಾಯ್ತು, ಮೊದಲಿದ್ದ ಎರಡು ಸೇರಿ ಹನ್ನೆರಡು. ಅದರಲ್ಲಿ ಏಳು ಕೊಟ್ರೆ ಐದು. ಕಟ್ಟು ಎರಡು ಉಳಿದಿವೆ. ಇಪ್ಪತ್ತೈದು.

ಕಿರಿಯರು: ನೋಟ್‌ಬುಕ್ಕಿನಲ್ಲಿ 4ನ್ನ ಹೊಡೆದು 3 ಮಾಡೋದು, 2ನ್ನ 12 ಮಾಡೋದು ಅದೇ ತಾನೇ.

ಹಿರಿಯರು: ಅದೇ. ರಬ್ಬರ್ ಬ್ಯಾಂಡ್ ಎಳೆದಿದ್ದನ್ನ ಪೆನ್ಸಿಲ್‌ನಲ್ಲಿ ಬರೆಯೋ ರೀತಿ ಅದು. ಆದ್ರೆ ನಾವು ಏನು ಮಾಡ್ತೀವಿ? "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂತೀವಿ. ಒಂದು ತಂದದ್ದು ಹತ್ತು ಯಾಕಾಯ್ತು ಅಂತ ಮಗು ಕೇಳಲ್ಲ, ಕೇಳಬಾರದು ಅಂತ ಅದಕ್ಕೆ ಗೊತ್ತಾಗಿಬಿಟ್ಟಿರುತ್ತೆ. ಕಡ್ಡಿ ಬಿಚ್ಚಿದ ಮಗುವಿಗೆ ಈ ಸಾಲದ ಕಥೆ ಬೇಡ. ಇನ್ನೊಂದು ವಿಷಯ. ಕಡ್ಡಿ ಆದ ಮೇಲೆ ಕಿಟ್ಟಿನ ಪ್ಲಾಸ್ಟಿಕ್ ಹತ್ತರ ಪಟ್ಟಿ ಕೊಡು. ಅದನ್ನ ಬಿಚ್ಚೋಕಾಗಲ್ಲ, ಹತ್ತು ಬಿಡಿ ಕೊಟ್ಟು ಬದಲಾಯಿಸಿಕೋಬೇಕು. ಆಮೇಲೆ ಅಬಾಕಸ್, ಅಲ್ಲಿ ಸ್ಥಾನ ನೋಡಿಯೇ ಬೆಲೆ ತಿಳೀಬೇಕು. ಕೊನೆಗೆ ಬರೀ ಅಂಕಿ. ಬಿಚ್ಚೋದು, ಬದಲಾಯಿಸೋದು, ಸ್ಥಾನ ನೋಡೋದು, ಬರೆಯೋದು. ಒಂದೊಂದು ಹೆಜ್ಜೆಗೂ ವಸ್ತು ಸ್ವಲ್ಪ ಸ್ವಲ್ಪ ದೂರ ಆಗ್ತಾ ಹೋಗುತ್ತೆ.

ಕಿರಿಯರು: ಟ್ರೈನಿಂಗ್‌ನಲ್ಲಿ ಇಎಲ್‌ಪಿಎಸ್ ಅಂತ ಹೇಳ್ತಾರಲ್ಲ, ಅನುಭವ, ಮಾತು, ಚಿತ್ರ, ಸಂಕೇತ. ಅದೂ ಇದನ್ನೇ ಹೇಳುತ್ತೆ ಅನ್ಸುತ್ತೆ.

ಹಿರಿಯರು: ಪಮೇಲಾ ಲೀಬೆಕ್ ಅನ್ನೋ ಇಂಗ್ಲೆಂಡಿನ ಶಿಕ್ಷಣತಜ್ಞೆ 1984ರಲ್ಲಿ ಬರೆದ ಪುಸ್ತಕದಿಂದ ನಮ್ಮ ತರಬೇತಿಗಳಿಗೆ ಬಂದ ಕ್ರಮ ಅದು. ನಮ್ಮ ತರಗತಿಗಳಲ್ಲಿ ಈ ನಾಲ್ಕರಲ್ಲಿ ಎರಡನೆಯದು ಕಾಣೆಯಾಗಿರುತ್ತೆ. ಕಿಟ್ ತೆಗೀತೀವಿ, ಮಾಡಿಸ್ತೀವಿ, ಒಳಗಿಟ್ಟು ಬೀಗ ಹಾಕ್ತೀವಿ, ಆಮೇಲೆ ಸೀದಾ ಲೆಕ್ಕ ಬರೆಸ್ತೀವಿ. ನಡುವೆ ಮಗು ಬಾಯಿಬಿಟ್ಟು "ನನ್ನ ಹತ್ರ ಎರಡೇ ಇತ್ತು, ಅದಕ್ಕೆ ಒಂದು ಕಟ್ಟು ಬಿಚ್ಚಿದೆ" ಅಂತ ಹೇಳಿಲ್ಲ. ತಾನು ಮಾಡಿದ್ದನ್ನ ತನ್ನ ಮಾತಿನಲ್ಲಿ, ತನ್ನ ಮನೆಯ ಮಾತಿನಲ್ಲೇ, ಹೇಳದ ಮಗುವಿಗೆ ಕಡ್ಡಿ ಬೇರೆ, ಲೆಕ್ಕ ಬೇರೆ. ನಿನ್ನ ತರಗತಿಯ 35ಕ್ಕೆ ಕಾರಣ ಬಹುಶಃ ಅಲ್ಲಿದೆ.

ಕಿರಿಯರು: ಇದನ್ನೆಲ್ಲ ಒಪ್ಪಬಹುದು. ಆದ್ರೆ ನನ್ನದು ಇಬ್ಬರೇ ಶಿಕ್ಷಕರ ಶಾಲೆ. ಒಂದರಿಂದ ಮೂರು ನಲಿ-ಕಲಿ ಒಂದು ಕೋಣೆಯಲ್ಲಿ, ನಾಲ್ಕು-ಐದು ಇನ್ನೊಂದರಲ್ಲಿ. ಒಬ್ಬೊಬ್ಬರ ಊಹೆ ಕೇಳ್ತಾ, ಒಬ್ಬೊಬ್ಬರ ವಿವರಣೆ ಕೇಳ್ತಾ ಕೂತ್ರೆ ಪಾಠ ಮುಗಿಯೋದು ಯಾವಾಗ?

ಹಿರಿಯರು: ನಲಿ-ಕಲಿ ಹುಟ್ಟಿದ್ದೇ ಈ ಪ್ರಶ್ನೆಯಿಂದ ಅಲ್ವೇನಪ್ಪಾ? 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯ್ತು. ಇಲ್ಲಿನ ಮೇಷ್ಟ್ರುಗಳೇ ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳನ್ನ ಹಿಡಿದು ತಮ್ಮ ವೇಗದಲ್ಲಿ ಕಲಿಯೋದನ್ನ ನೋಡಿ ಬಂದ್ರು. ಕಲಿಕಾ ಏಣಿ ಬಂತು, ತಟ್ಟೆಗಳಲ್ಲಿ ಗುಂಪು ಬಂತು, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಬಂತು. ಮೇಷ್ಟ್ರು ಕುರ್ಚಿ ಬಿಟ್ಟು ನೆಲಕ್ಕೆ ಬಂದು ಕೂತ್ರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಒಂದೇ ಕೋಣೆಯಲ್ಲಿ ಹಲವು ತರಗತಿ ಇರೋದು ನಮ್ಮ ನಾಡಿನ ವಾಸ್ತವ, ಅದಕ್ಕೆ ತಕ್ಕ ಹಾಗೆ ಪಾಠವನ್ನ ಕಟ್ಟಬೇಕು ಅಂತ ಮೇಷ್ಟ್ರುಗಳೇ ಕೂತು ಯೋಚನೆ ಮಾಡಿದ್ದು ದೊಡ್ಡ ಸಂಗತಿ.

ಕಿರಿಯರು: ಈಗ ಅದೇ ಏಣಿ ನಮಗೆ ಹೊರೆ ಆಗಿದೆ. ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ ಅಂತ ದಾಖಲೆ ತುಂಬಬೇಕು. ಕಾರ್ಡು ಮುಗಿಸಿದ್ರೆ ಸಾಕು ಅನ್ನೋ ಹಾಗಾಗಿದೆ. ಮಕ್ಕಳೂ ಅಷ್ಟೇ, ಮುಂದಿನ ಕಾರ್ಡಿಗೆ ಓಡೋ ಆತುರ.

ಹಿರಿಯರು: ನೀನು ಹೇಳೋದರಲ್ಲಿ ನಿಜ ಇದೆ. ಮಗು ಕಾರ್ಡು ಮುಗಿಸ್ತಾ, ಅದರ ಯೋಚನೆ ಮುಂದಕ್ಕೆ ಹೋಯ್ತಾ, ಇವೆರಡೂ ಒಂದೇ ಅಲ್ಲ. ಆದ್ರೆ ಆ ವ್ಯವಸ್ಥೆಯಲ್ಲಿ ನಿನಗೆ ಬೇಕಾದ ಸಮಯ ಅಡಗಿದೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪು ಅಂತ ಒಂದು ತಟ್ಟೆ ಇದೆಯಲ್ಲ, ಅಲ್ಲಿ ಐದಾರು ಮಕ್ಕಳಷ್ಟೇ ಇರ್ತಾರೆ. ಊಹೆ ಕೇಳೋದು, ವಿವರಣೆ ಕೇಳೋದು ಅಲ್ಲಿ. ಉಳಿದ ಗುಂಪುಗಳು ತಾವೇ ಮಾಡೋ ಅಭ್ಯಾಸ ಮಾಡ್ಕೊಂಡಿರಲಿ. ನಾಳೆ ಬೇರೆ ಐದಾರು ಮಕ್ಕಳು ನಿನ್ನ ಪಕ್ಕ. ಎಲ್ಲ ಮಕ್ಕಳನ್ನೂ ಎಲ್ಲ ದಿನವೂ ಕೇಳೋಕಾಗಲ್ಲ. ವಾರಕ್ಕೊಂದು ಸಲ ಒಂದು ಮಗುವಿನ ಯೋಚನೆಯನ್ನ ಪೂರ್ತಿ ಕೇಳಿದ್ರೂ ಅದು ಬಹಳ ದೊಡ್ಡದು.

ಕಿರಿಯರು: ಕಳೆಯೋದು, ಕೂಡೋದು ಸರಿ. ಭಿನ್ನರಾಶಿಗೆ ಬಂದಾಗ ಏನು ಮಾಡ್ತಿದ್ರಿ? ಮೂರನೇ ಒಂದು ದೊಡ್ಡದಾ, ನಾಲ್ಕನೇ ಒಂದು ದೊಡ್ಡದಾ ಅಂದ್ರೆ, ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ಧೈರ್ಯವಾಗಿ ಹೇಳ್ತಾರೆ.

ಹಿರಿಯರು: ಹಳೇ ಕಾಗದವನ್ನ ಉದ್ದ ಪಟ್ಟಿಯಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಮೂರು ಪಟ್ಟಿ ಕೊಡು. ಮೂರೂ ಒಂದೇ ಉದ್ದ ಇರಬೇಕು. ಮಡಿಸೋಕೆ ಮುಂಚೆ ಇದೇ ಪ್ರಶ್ನೆ ಕೇಳಿ ಉತ್ತರ ಹಲಗೆ ಮೇಲೆ ಬರಿ. ಮೊದಲ ಪಟ್ಟಿ ಎರಡು ಸಮ ಮಡಿಕೆ, ಎರಡನೆಯದು ನಾಲ್ಕು, ಇವೆರಡೂ ಸಲೀಸು. ಮೂರನೆಯದನ್ನ ಮೂರು ಸಮ ಭಾಗ ಮಾಡೋದು ಕಷ್ಟ. ಒಂದು ತುಂಡು ದಪ್ಪ ಬರುತ್ತೆ, ಒಂದು ಸಣ್ಣ. ಬಿಚ್ತಾರೆ, ಮತ್ತೆ ಮಡಿಸ್ತಾರೆ, ಅಂಚಿಗೆ ಅಂಚು ಕೂರಿಸ್ತಾರೆ. "ಸಮ ಭಾಗ" ಅನ್ನೋ ಮಾತನ್ನ ಪುಸ್ತಕ ಎಷ್ಟು ಸಲ ಹೇಳಿದ್ರೂ ಬರದ ಅರ್ಥ ಆ ಒದ್ದಾಟದಲ್ಲಿ ಬರುತ್ತೆ. ಆಮೇಲೆ ತುಂಡುಗಳನ್ನ ಪಕ್ಕಪಕ್ಕ ಇಟ್ಟು ನೋಡಲಿ. ಹೆಚ್ಚು ಜನಕ್ಕೆ ಹಂಚಿದ್ರೆ ಪಾಲು ಚಿಕ್ಕದಾಗುತ್ತೆ ಅಂತ ಯಾರೋ ಒಬ್ಬರು ಹೇಳ್ತಾರೆ. ಅಲ್ಲಿಗೆ ನಿಲ್ಲಿಸಬೇಡ. "ಹಾಗಾದ್ರೆ ಅರ್ಧ ಯಾವಾಗಲೂ ಕಾಲಿಗಿಂತ ದೊಡ್ಡದಾ?" ಅಂತ ಕೇಳು. ಎಲ್ಲರೂ ಹೌದು ಅಂತಾರೆ. ಆಗ ಒಂದು ಸಣ್ಣ ಚೀಟಿಯ ಅರ್ಧ, ಒಂದು ದಿನಪತ್ರಿಕೆ ಹಾಳೆಯ ಕಾಲು ಎರಡನ್ನೂ ಎತ್ತಿ ತೋರಿಸು.

ಕಿರಿಯರು: ಯಾವುದರ ಅರ್ಧ, ಯಾವುದರ ಕಾಲು ಅಂತ ಕೇಳೋಕೆ ಶುರು ಮಾಡ್ತಾರೆ.

ಹಿರಿಯರು: ಹೌದು, ಭಿನ್ನರಾಶಿಯ ಜೀವ ಇರೋದೇ "ಯಾವುದರ" ಅನ್ನೋ ಪ್ರಶ್ನೆಯಲ್ಲಿ. ಖರ್ಚು ಒಂದು ಹಳೇ ಪೇಪರ್.

ಕಿರಿಯರು: ಗಣಿತಕ್ಕೆ ಹೀಗೆ ಮಾಡಬಹುದು. ವಿಜ್ಞಾನ ಅಂತ ಐದನೇ ಕ್ಲಾಸಿನವರೆಗೆ ನಮಗೆ ಬೇರೆ ವಿಷಯವೇ ಇಲ್ಲ, ಪರಿಸರ ಅಧ್ಯಯನ ಇದೆ. ಪ್ರಯೋಗಾಲಯ ಇಲ್ಲ. ಪಾಠ ಓದಿಸಿ, ಪ್ರಶ್ನೋತ್ತರ ಬರೆಸಿ ಮುಗಿಸ್ತೀವಿ.

ಹಿರಿಯರು: ನಿನ್ನ ಊರಲ್ಲಿ ಹಾಲಿನ ಡೇರಿ ಇದೆಯಾ?

ಕಿರಿಯರು: ಇದೆ. ಅರ್ಧ ಮಕ್ಕಳು ಬೆಳಿಗ್ಗೆ ಕ್ಯಾನ್ ಹಿಡ್ಕೊಂಡು ಡೇರಿಗೆ ಹೋಗಿ ಹಾಲು ಹಾಕಿಯೇ ಸ್ಕೂಲಿಗೆ ಬರೋದು.

ಹಿರಿಯರು: ಹಾಗಾದ್ರೆ ಲ್ಯಾಕ್ಟೋಮೀಟರ್ ನೋಡಿದಾರೆ. ಕಾರ್ಯದರ್ಶಿ ಹಾಲಿನೊಳಗೆ ಗಾಜಿನ ಕೊಳವೆ ಬಿಟ್ಟು ಡಿಗ್ರಿ ನೋಡ್ತಾರಲ್ಲ, ಅದನ್ನೇ ಪಾಠ ಮಾಡು. ಎಳನೀರು ಕುಡಿಯೋ ಒಂದು ಸ್ಟ್ರಾ ತಗೊಂಡು, ಒಂದು ತುದಿಗೆ ಜೇಡಿಮಣ್ಣಿನ ಸಣ್ಣ ಉಂಡೆ ಒತ್ತಿ ಮುಚ್ಚು. ಒಂದು ಲೋಟ ನೀರಿಗೆ ಬಿಟ್ರೆ ಅದು ನೆಟ್ಟಗೆ ನಿಂತು ತೇಲಬೇಕು. ವಾಲಿದ್ರೆ ಮಣ್ಣು ಸ್ವಲ್ಪ ಹೆಚ್ಚಿಸು, ತಳಕ್ಕೆ ಹೋದ್ರೆ ತೆಗಿ. ಆ ಸರಿಮಾಡೋ ಕೆಲಸವನ್ನೂ ಮಕ್ಕಳೇ ಮಾಡಲಿ. ನೀರಿನ ಮಟ್ಟ ಎಲ್ಲಿಗೆ ಬಂತೋ ಅಲ್ಲಿ ಸ್ಟ್ರಾ ಮೇಲೆ ಪೆನ್ನಿನಲ್ಲಿ ಒಂದು ಗೆರೆ. ಈಗ ಇನ್ನೊಂದು ಲೋಟದಲ್ಲಿ ಮೂರು ನಾಲ್ಕು ಚಮಚ ಉಪ್ಪು ಕದಡಿ ಇಡು. ಬಿಡೋಕೆ ಮುಂಚೆ ಕೇಳು: ಆ ಗೆರೆ ನೀರಿನ ಮೇಲಕ್ಕೆ ಬರುತ್ತಾ, ಒಳಕ್ಕೆ ಹೋಗುತ್ತಾ, ಅಲ್ಲೇ ಇರುತ್ತಾ?

ಕಿರಿಯರು: ಉಪ್ಪುನೀರಲ್ಲಿ ಸ್ಟ್ರಾ ಮೇಲಕ್ಕೆ ಏಳುತ್ತೆ. ಉಪ್ಪುನೀರು ಹೆಚ್ಚು ಸಾಂದ್ರ.

ಹಿರಿಯರು: ಸಾಂದ್ರ ಅನ್ನೋ ಮಾತನ್ನ ಈಗಲೇ ತರಬೇಡ, ಅದು ಹೈಸ್ಕೂಲಿಗೆ ಬರುತ್ತೆ. ಅವರು ನೋಡಲಿ. ಆಮೇಲೆ ಕೇಳು: ಹಾಲಿಗೆ ನೀರು ಬೆರೆಸಿದ್ರೆ ಡೇರಿಯ ಕೊಳವೆ ಏನಾಗುತ್ತೆ? ಡೇರಿಗೆ ಹೋಗೋ ಮಗು ಅಲ್ಲಿ ಎದ್ದು ನಿಲ್ಲುತ್ತೆ. "ಇನ್ನೂ ಒಳಗೆ ಹೋಗುತ್ತೆ, ಡಿಗ್ರಿ ಕಮ್ಮಿ ಬರುತ್ತೆ, ನಮ್ಮ ಹಾಲು ವಾಪಸ್ ಕಳಿಸ್ತಾರೆ." ಲೆಕ್ಕದಲ್ಲಿ ಹಿಂದಿರೋ ಮಗು, ಓದೋಕೆ ತಡವರಿಸೋ ಮಗು ಆ ದಿನ ತರಗತಿಗೆ ಪಾಠ ಹೇಳುತ್ತೆ. ಪ್ರಯೋಗಾಲಯ ಇಲ್ಲ ಅಂದೆಯಲ್ಲ, ನಿನ್ನ ಊರಿನ ಡೇರಿ ಏನು ಮತ್ತೆ?

ಕಿರಿಯರು: ನನ್ನ ಭಯ ಬೇರೆ ಇದೆ ಮೇಡಂ. ನಾನು ಓದಿದ್ದು ಕಲಾ ವಿಭಾಗ. ಪ್ರಯೋಗ ಮಾಡಿಸಿ, ಯಾಕೆ ಹೀಗಾಯ್ತು ಅಂತ ಮಕ್ಕಳು ಕೇಳಿದ್ರೆ ತಪ್ಪು ಉತ್ತರ ಕೊಟ್ಟುಬಿಟ್ರೆ?

ಹಿರಿಯರು: ಆ ಭಯ ಇರಬೇಕು. ಮಾಡಿ ತೋರಿಸಿದ್ರೆ ಸತ್ಯ ತಾನಾಗಿ ಬಂದುಬಿಡುತ್ತೆ ಅಂತ ತಿಳಿಯೋದು ತಪ್ಪು. ವಿಜ್ಞಾನ ಮೇಳಗಳಲ್ಲಿ ಮೇಣದಬತ್ತಿ ಪ್ರಯೋಗ ನೋಡಿರ್ತೀಯ. ತಟ್ಟೆಯಲ್ಲಿ ನೀರು, ನಡುವೆ ಉರಿಯೋ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತೆ, ನೀರು ಲೋಟದೊಳಗೆ ಏರುತ್ತೆ. "ಗಾಳಿಯ ಐದನೇ ಒಂದು ಭಾಗ ಆಮ್ಲಜನಕ, ಅದು ಉರಿದು ಖಾಲಿಯಾದ ಜಾಗಕ್ಕೆ ನೀರು ಬಂತು" ಅಂತ ಎಷ್ಟೋ ಕಡೆ ಹೇಳಿಕೊಡ್ತಾರೆ.

ಕಿರಿಯರು: ನಾನೂ ಹಾಗೇ ಕಲಿತಿದ್ದು.

ಹಿರಿಯರು: ನೀರು ಏರೋಕೆ ಮುಖ್ಯ ಕಾರಣ ಅದಲ್ಲ. ಬತ್ತಿ ಉರಿಯೋವಾಗ ಸುತ್ತಲಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತೆ. ಲೋಟ ಮುಚ್ಚೋ ಹೊತ್ತಿಗೆ ಒಳಗಿರೋದು ಆ ಹಿಗ್ಗಿದ ಗಾಳಿ, ಅದರಲ್ಲಿ ಸ್ವಲ್ಪ ಅಂಚಿನಿಂದ ಗುಳ್ಳೆಯಾಗಿ ಹೊರಗೂ ಹೋಗುತ್ತೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಹೊರಗಿನ ಗಾಳಿ ನೀರನ್ನ ಒಳಕ್ಕೆ ಒತ್ತುತ್ತೆ. ಇದನ್ನ ನಾನು ಹೇಳಿದೆ ಅಂತ ನಂಬಬೇಡ, ನೀನೇ ಪರೀಕ್ಷೆ ಮಾಡು. ನೀರು ಯಾವಾಗ ಏರುತ್ತೆ ಅಂತ ಕಣ್ಣಿಟ್ಟು ನೋಡು. ಆಮ್ಲಜನಕ ಖರ್ಚಾಗ್ತಾ ಹೋದ್ರೆ ಬತ್ತಿ ಉರಿಯೋವಾಗಲೇ ಮೆಲ್ಲಮೆಲ್ಲಗೆ ಏರಬೇಕಿತ್ತು. ಅದು ಹೆಚ್ಚಾಗಿ ಏರೋದು ಬತ್ತಿ ಆರೋ ಹೊತ್ತಿಗೆ, ಒಮ್ಮೆಲೇ. ಆಮೇಲೆ ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟು ಅದೇ ಲೋಟ ಮುಚ್ಚು. ಲೋಟದಲ್ಲಿರೋ ಆಮ್ಲಜನಕ ಅಷ್ಟೇ ತಾನೇ, ನೀರೂ ಅಷ್ಟೇ ಏರಬೇಕು. ಆದ್ರೆ ಇನ್ನೂ ಮೇಲಕ್ಕೆ ಏರುತ್ತೆ. ಬೆಂಕಿ ಕೆಲಸ, ಹಚ್ಚೋದು ನೀನೇ ಇರಬೇಕು. ನೋಡೋದು, ವಾದ ಮಾಡೋದು ಮಕ್ಕಳು.

ಕಿರಿಯರು: ಅಂದ್ರೆ ಉತ್ತರ ಗೊತ್ತಿಲ್ಲದಿದ್ರೂ ಪ್ರಯೋಗ ಮಾಡಿಸಬಹುದು, ಆದ್ರೆ ಗೊತ್ತಿಲ್ಲದ ಉತ್ತರವನ್ನ ಗೊತ್ತಿರೋ ಹಾಗೆ ಹೇಳಬಾರದು.

ಹಿರಿಯರು: ಹೌದು. "ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋಕೆ ಏನು ಮಾಡಬಹುದು?" ಅಂತ ಮೇಷ್ಟ್ರ ಬಾಯಲ್ಲಿ ಕೇಳಿದ ಮಗುವಿಗೆ ವಿಜ್ಞಾನ ಅಂದ್ರೆ ಏನು ಅಂತ ಗೊತ್ತಾಗುತ್ತೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಹಳ್ಳಿ ಶಾಲೆಗಳಲ್ಲಿ ಇಂಥ ಕಲಿಕೆ ಶುರುವಾಯ್ತು. ಆರರಿಂದ ಎಂಟನೇ ತರಗತಿ. ಪುಸ್ತಕದಲ್ಲಿ ಉತ್ತರ ಇರ್ತಿರಲಿಲ್ಲ, ಮಕ್ಕಳು ಮಾಡಿ, ನೋಡಿ ತಾವೇ ಬರೀಬೇಕಿತ್ತು. ಆ ಕಾಲದಲ್ಲೇ ಅರವಿಂದ ಗುಪ್ತ ಅನ್ನೋ ಯುವ ಇಂಜಿನಿಯರ್ ಅಲ್ಲಿಗೆ ಬಂದು, ಸಂತೆಯಲ್ಲಿ ಸಿಗೋ ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬ್ ತುಂಡುಗಳಿಂದ ರೇಖಾಗಣಿತದ ಆಕಾರಗಳನ್ನ ಕಟ್ಟೋದನ್ನ ತೋರಿಸಿಕೊಟ್ರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕಿರಿಯರು: ಬೆಂಕಿಕಡ್ಡಿಯಲ್ಲಿ ಏನು ಕಲಿಸಬಹುದು?

ಹಿರಿಯರು: ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿಸು. ಒಂದು ಮೂಲೆಯನ್ನ ಬೆರಳಿನಿಂದ ಮೆಲ್ಲಗೆ ಒತ್ತಿದ್ರೆ ಅದು ವಾಲಿಬಿಡುತ್ತೆ. ಬದಿಗಳು ಅಷ್ಟೇ ಇವೆ, ಮೂಲೆಗಳು ಬದಲಾದವು. ಮೂರು ಕಡ್ಡಿಯ ತ್ರಿಕೋನ ಮಾಡಿದ್ರೆ? ಒತ್ತೋಕೆ ಮುಂಚೆ ಕೇಳು. ಒತ್ತಿದ್ರೆ ಅಲುಗಲ್ಲ. "ಹಾಗಾದ್ರೆ ಆ ಚೌಕವನ್ನ ಗಟ್ಟಿ ಮಾಡೋದು ಹೇಗೆ?" ಮಕ್ಕಳೇ ಅಡ್ಡಡ್ಡ ಒಂದು ಕಡ್ಡಿ ಕೊಡ್ತಾರೆ. ಆ ಅಡ್ಡ ಕಡ್ಡಿ ಸ್ವಲ್ಪ ಉದ್ದ ಬೇಕಾಗುತ್ತೆ ಅನ್ನೋದೂ ಅಲ್ಲೇ ತಿಳಿಯುತ್ತೆ. ಆಮೇಲೆ ಹೊರಗೆ ಕರ್ಕೊಂಡು ಹೋಗಿ ಹೆಂಚಿನ ಮಾಡು, ಕರೆಂಟ್ ಟವರ್, ಸೈಕಲ್ ಫ್ರೇಮ್ ತೋರಿಸಿ, ತ್ರಿಕೋನ ಎಲ್ಲೆಲ್ಲಿದೆ ಹುಡುಕಿ ಅನ್ನು.

ಕಿರಿಯರು: ಆ ಹೋಶಂಗಾಬಾದ್ ಕಾರ್ಯಕ್ರಮ ಈಗಲೂ ನಡೀತಿದೆಯಾ?

ಹಿರಿಯರು: ಇಲ್ಲ. 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿಬಿಡ್ತು. ಮೂವತ್ತು ವರ್ಷ ನಡೆದಿದ್ದು ಹಾಗೆ ನಿಂತದ್ದು ನನಗೆ ಈಗಲೂ ನೋವಿನ ವಿಷಯ. ಅದರಲ್ಲಿ ನಾವು ಹಿಡಿದಿಟ್ಟುಕೊಳ್ಳಬೇಕಾದ ಒಂದು ಅಂಶ ಇದೆ. ಅವರು ಪರೀಕ್ಷೆಯನ್ನೂ ಬದಲಾಯಿಸಿದ್ರು. ಪುಸ್ತಕ ತೆರೆದಿಟ್ಟುಕೊಂಡು ಬರೆಯೋ ಪರೀಕ್ಷೆ, ಜೊತೆಗೆ ಕೈಯಲ್ಲಿ ಮಾಡಿ ತೋರಿಸೋ ಪರೀಕ್ಷೆ. ಕಲಿಸೋದು ಒಂದು ರೀತಿ, ಪರೀಕ್ಷೆ ಇನ್ನೊಂದು ರೀತಿ ಆದ್ರೆ ಗೆಲ್ಲೋದು ಪರೀಕ್ಷೆಯೇ.

ಕಿರಿಯರು: ಅದು ನನ್ನ ಕೈಯಲ್ಲಿಲ್ಲವಲ್ಲ.

ಹಿರಿಯರು: ವರ್ಷದ ಕೊನೆಯ ಪರೀಕ್ಷೆ ಇಲ್ಲ. ನಿನ್ನ ಘಟಕ ಪರೀಕ್ಷೆ ನಿನ್ನ ಕೈಯಲ್ಲೇ ಇದೆ. "42ರಲ್ಲಿ 17 ಕಳೆ" ಅನ್ನೋದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಹಾಕು. "ಒಬ್ಬಳು ಇದಕ್ಕೆ 35 ಅಂತ ಬರೆದಿದ್ದಾಳೆ. ಅವಳು ಹೇಗೆ ಯೋಚಿಸಿರಬಹುದು? ಅವಳಿಗೆ ಕಡ್ಡಿಯ ಚಿತ್ರ ಬರೆದು ತೋರಿಸು." ಆ ಒಂದು ಪ್ರಶ್ನೆಯಿಂದ ಕಡ್ಡಿ, ಮಾತು, ಚಿತ್ರ, ಅಂಕಿ ನಾಲ್ಕೂ ಒಟ್ಟಿಗೆ ಬರುತ್ತವೆ.

ಕಿರಿಯರು: ದಿನಕ್ಕೊಂದು ಹೊಸ ಚಟುವಟಿಕೆ ಎಲ್ಲಿಂದ ತರಲಿ ಮೇಡಂ? ಕಲಿಕಾ ಹಬ್ಬ ಬಂದಾಗ ಚೆನ್ನಾಗಿತ್ತು, ಕಾಗದ-ಕತ್ತರಿ, ಊರು ತಿಳಿಯೋಣ ಅಂತ ಮಕ್ಕಳು ಕುಣಿದಾಡಿದ್ರು. ಮೆಟ್ರಿಕ್ ಮೇಳದಲ್ಲಿ ಮನೆಯಿಂದ ಸೊಪ್ಪು, ತೆಂಗಿನಕಾಯಿ ತಂದು ತೂಕ ಹಾಕಿ ಮಾರ್ತಾರೆ. ಮಾರನೇ ದಿನ ಮತ್ತೆ ಮಾಮೂಲಿ.

ಹಿರಿಯರು: ಹಬ್ಬ ವರ್ಷಕ್ಕೊಂದು ಸಲ, ಊಟ ದಿನಾ ಇದೆಯಲ್ಲ. ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ಅಕ್ಕಿ ಎಷ್ಟು?

ಕಿರಿಯರು: ನೂರು ಗ್ರಾಂ. ಆರರಿಂದ ಎಂಟಕ್ಕೆ ನೂರೈವತ್ತು. ಕ್ಷೀರಭಾಗ್ಯದ ಹಾಲಿನ ಪುಡಿ ಒಬ್ಬರಿಗೆ ಹದಿನೆಂಟು ಗ್ರಾಂ, ನೂರೈವತ್ತು ಮಿಲಿಲೀಟರ್ ಹಾಲು ಆಗುತ್ತೆ.

ಹಿರಿಯರು: ಬೆಳಿಗ್ಗೆ ಹಾಜರಿ ಮುಗಿದ ತಕ್ಷಣ ಐದನೇ ಕ್ಲಾಸಿನ ಇಬ್ಬರು ಮಕ್ಕಳು ಅವತ್ತಿನ ಲೆಕ್ಕ ಮಾಡಿ ಅಡುಗೆಯಮ್ಮನಿಗೆ ಹೇಳಲಿ. 38 ಮಕ್ಕಳು ಬಂದಿದ್ರೆ ಅಕ್ಕಿ 3 ಕಿಲೋ 800 ಗ್ರಾಂ, ಹಾಲಿನ ಪುಡಿ 684 ಗ್ರಾಂ, ಹಾಲು 5 ಲೀಟರ್ 700 ಮಿಲಿಲೀಟರ್. ತೂಗೋಕೆ ಮುಂಚೆ ಅಕ್ಕಿ ಎಷ್ಟು ಸೇರು ಬರಬಹುದು ಅಂತ ಊಹಿಸಲಿ, ಆಮೇಲೆ ತಕ್ಕಡಿ ನೋಡಲಿ. ಸರದಿ ಪ್ರಕಾರ ಎಲ್ಲರಿಗೂ ಬರುತ್ತೆ. ಗುಣಾಕಾರ, ತೂಕ, ಅಳತೆ, ಗ್ರಾಂನಿಂದ ಕಿಲೋಗೆ ಬದಲಾಯಿಸೋದು ಎಲ್ಲ ಅದರಲ್ಲಿದೆ. ಲೆಕ್ಕ ತಪ್ಪಿದ್ರೆ ಅವತ್ತೇ ಗೊತ್ತಾಗುತ್ತೆ, ಯಾಕಂದ್ರೆ ಅಡುಗೆಯಮ್ಮನ ಕೈಗೆ ಅಂದಾಜು ಇದೆ. "ಇಷ್ಟು ಸಾಕಾಗಲ್ಲ ಮಗಾ" ಅಂತಾರೆ ಅವರು.

ಕಿರಿಯರು: ಇದು ನಾಳೆಯಿಂದಲೇ ಆಗುತ್ತೆ.

ಹಿರಿಯರು: ಶಾಲೆಯ ಅಂಗಳದಲ್ಲಿ ಧ್ವಜದ ಕಂಬವೂ ಇದೆ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಂದು ಸಲ ಅದರ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿಸು. ನೆರಳು ಅತಿ ಚಿಕ್ಕದಾಗೋದು ಎಷ್ಟು ಗಂಟೆಗೆ ಅಂತ ಮೊದಲೇ ಕೇಳು. ಎಲ್ಲರೂ ಹನ್ನೆರಡು ಅಂತಾರೆ. ಅಳೆದು ನೋಡಿದ್ರೆ ನಮ್ಮ ಕಡೆ ಹನ್ನೆರಡು ದಾಟಿದ ಮೇಲೆ ಬರುತ್ತೆ, ಯಾಕಂದ್ರೆ ನಮ್ಮ ಗಡಿಯಾರ ನಮಗಿಂತ ಪೂರ್ವದ 82½ ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ. ವರ್ಷಕ್ಕೆ ಎರಡು ದಿನ ಮಧ್ಯಾಹ್ನ ನೆಟ್ಟಗಿರೋ ಕಂಬಕ್ಕೆ ನೆರಳೇ ಇರಲ್ಲ. ಬೆಂಗಳೂರಿಗೆ ಏಪ್ರಿಲ್ 24ರ ಆಸುಪಾಸು ಒಂದು, ಆಗಸ್ಟ್ 18ರ ಆಸುಪಾಸು ಇನ್ನೊಂದು. ಏಪ್ರಿಲ್‌ನದು ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತೆ, ಆಗಸ್ಟಿನದಕ್ಕೆ ಮೋಡ ಬಿಡಬೇಕು. ಜುಲೈ ಕೊನೆಯಿಂದ ವಾರಕ್ಕೊಂದು ಸಲ ಅಳೆಸ್ತಾ ಬಂದ್ರೆ, ಆ ದಿನ ಮೋಡ ಕವಿದರೂ ನೆರಳು ಎಷ್ಟಿರಬೇಕಿತ್ತು ಅಂತ ಮಕ್ಕಳೇ ಹೇಳ್ತಾರೆ.

ಕಿರಿಯರು: ಒಂದು ಕಡೆ ನನಗೆ ಬೇಜಾರಿದೆ ಮೇಡಂ. ಪಟ್ಟಣದ ದೊಡ್ಡ ಶಾಲೆಗಳಲ್ಲಿ ರೋಬೋಟ್ ಲ್ಯಾಬ್ ಇದೆ. ನಾವು ಪೊರಕೆ ಕಡ್ಡಿ, ಬೆಂಕಿಕಡ್ಡಿ ಅಂತೀವಿ. ಬಡ ಮಕ್ಕಳಿಗೆ ಬಡ ಪಾಠ ಅಂತ ಆಗಲ್ವಾ?

ಹಿರಿಯರು: ನಿನ್ನ ಶಾಲೆಗೂ ಒಳ್ಳೆ ಲ್ಯಾಬ್ ಬರಬೇಕು. ಅದನ್ನ ನಾವು ಗಟ್ಟಿಯಾಗಿ ಕೇಳಬೇಕು. ಕಡ್ಡಿ ಇದೆಯಲ್ಲ ಅಂತ ಸರ್ಕಾರ ಕೈಬಿಡೋ ಹಾಗಿಲ್ಲ. ಆದ್ರೆ ಇನ್ನೊಂದನ್ನೂ ಯೋಚನೆ ಮಾಡು. ನಮ್ಮ ದೇಶದಲ್ಲಿ ಶತಮಾನಗಳ ಕಾಲ ಓದೋವರು ಕೈಕೆಲಸ ಮಾಡಲಿಲ್ಲ, ಕೈಕೆಲಸ ಮಾಡೋವರಿಗೆ ಓದೋಕೆ ಬಿಡಲಿಲ್ಲ. ಜಾತಿ ಹಾಕಿದ ಆ ಗೋಡೆ ಶಾಲೆಯೊಳಗೂ ಬಂತು. ಕೈ ಕೆಸರಾದ್ರೆ ಅದು ಓದಲ್ಲ ಅನ್ನೋ ಭಾವನೆ ನಮ್ಮೆಲ್ಲರಲ್ಲೂ ಇದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರವನ್ನ ದೇಶದ ಮುಂದಿಟ್ಟಾಗ ಮುಟ್ಟೋಕೆ ಹೊರಟಿದ್ದು ಈ ಗೋಡೆಯನ್ನೇ. ಕೈಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಭಾಷೆ ಎಲ್ಲ ಕಲಿಸಬೇಕು ಅಂದ್ರು. ನಿನ್ನ ತರಗತಿಯ ಮಗು ಹಾಲು ಅಳೆಯುತ್ತೆ, ಗೇಣಿನಲ್ಲಿ ಸಸಿ ಸಾಲಿನ ಅಂತರ ನೋಡುತ್ತೆ. ಬಾಗಿಲಲ್ಲಿ ಅದೆಲ್ಲ ಬಿಟ್ಟು ಒಳಗೆ ಬಾ ಅಂದ್ರೆ ಅದು ಖಾಲಿ ಕೈಯಲ್ಲಿ ಬಂದು ಕೂರುತ್ತೆ. ಅದರ ಕೈಗೆ ಗೊತ್ತಿರೋದಕ್ಕೆ ತರಗತಿಯಲ್ಲಿ ಮರ್ಯಾದೆ ಕೊಡೋದು ನ್ಯಾಯದ ಪ್ರಶ್ನೆ.

ಕಿರಿಯರು: ಪೋಷಕರಿಗೆ ಏನು ಹೇಳಲಿ? ಅವರು ಮಗುವಿನ ನೋಟ್‌ಬುಕ್ ನೋಡ್ತಾರೆ. ಇನ್‌ಸ್ಪೆಕ್ಷನ್‌ಗೆ ಬಂದವರೂ ಅದನ್ನೇ ಕೇಳ್ತಾರೆ. ತುಂಬಿದ ಪುಟ ಇಲ್ಲದಿದ್ರೆ ಪಾಠವೇ ನಡೆದಿಲ್ಲ ಅಂದುಕೊಳ್ತಾರೆ.

ಹಿರಿಯರು: ಅವರು ಕೇಳೋದು ತಪ್ಪಲ್ಲ. ಬರೆದಿಡದ ಕಲಿಕೆ ಜಾರಿಹೋಗುತ್ತೆ. ಪೋಷಕರ ಸಭೆ ದಿನ ನೀನು ಮಾತಾಡೋದು ಕಮ್ಮಿ ಮಾಡು, ಒಂದು ಮಗುವಿನಿಂದ ಕಡ್ಡಿ ಇಟ್ಟು ಕಳೆಯೋ ಲೆಕ್ಕದ ವಿವರಣೆ ಕೊಡಿಸು. ತಂದೆತಾಯಿಗೆ ಅಷ್ಟು ಸಾಕು. ನೋಟ್‌ಬುಕ್ಕಿಗೆ ಪುಟದಲ್ಲಿ ಮೂರು ಅಂಕಣ ಹಾಕಿಸು. ಮೊದಲನೆಯದು "ನನ್ನ ಊಹೆ". ಎರಡನೆಯದು "ನಾನು ನೋಡಿದ್ದು", ಅಲ್ಲಿ ಅಳತೆ, ಚಿತ್ರ, ಎಣಿಕೆ. ಮೂರನೆಯದು "ಯಾಕೆ ಹೀಗಾಯ್ತು". ಬರೆಯೋಕೆ ಬಾರದ ಒಂದನೇ ಕ್ಲಾಸಿನ ಮಗು ಚಿತ್ರ ಬರೀಲಿ. ಅಧಿಕಾರಿಗಳು ಬಂದಾಗ ಅದನ್ನೇ ತೋರಿಸು. ಪ್ರಶ್ನೋತ್ತರದ ನಲವತ್ತು ಪುಸ್ತಕದಲ್ಲೂ ಒಂದೇ ವಾಕ್ಯ ಇರುತ್ತೆ, ಇದರಲ್ಲಿ ಒಂದೊಂದು ಮಗುವಿನ ಪುಟವೂ ಬೇರೆ ಇರುತ್ತೆ.

ಕಿರಿಯರು: ಮೊದಲ ಅಂಕಣದಲ್ಲಿ ಸಾಕಷ್ಟು ತಪ್ಪು ಬರುತ್ತೆ. ತಿದ್ದಬೇಕಲ್ವಾ?

ಹಿರಿಯರು: ಅಲ್ಲಿಗೆ ಮಾತ್ರ ನಿನ್ನ ಕೆಂಪು ಪೆನ್ನು ಹೋಗಬಾರದು. ಎರಡನೇ ಅಂಕಣದ ಅಳತೆ ತಪ್ಪಿದ್ರೆ ಮತ್ತೆ ಅಳೆಸು, ಮೂರನೆಯದನ್ನ ಮಗುವಿನ ಜೊತೆ ಕೂತು ಚರ್ಚಿಸು. ಊಹೆಗೆ ತಪ್ಪಾಗೋ ಹಕ್ಕಿದೆ. ಅದನ್ನ ನೀನು ಹೊಡೆದು ಹಾಕಿದ್ರೆ ಮುಂದಿನ ವಾರ ಮಕ್ಕಳೆಲ್ಲ ಪ್ರಯೋಗ ಮುಗಿಯೋವರೆಗೂ ಆ ಅಂಕಣ ಖಾಲಿ ಬಿಟ್ಟು, ಉತ್ತರ ಗೊತ್ತಾದ ಮೇಲೆ ಸರಿಯಾದ ಊಹೆ ಬರೀತಾರೆ. ಆಗ ಕಿಟ್ ಇದ್ರೂ ಅಷ್ಟೇ, ಕಡ್ಡಿ ಇದ್ರೂ ಅಷ್ಟೇ, ನಾವು ಮತ್ತೆ ಬಾಯಿಪಾಠಕ್ಕೇ ಬಂದು ನಿಲ್ತೀವಿ. ತಪ್ಪು ಊಹೆ ಹಾಗೇ ಉಳಿದಿರೋ ಪುಟವನ್ನ ಆರು ತಿಂಗಳು ಬಿಟ್ಟು ಮಗುವಿಗೆ ತೋರಿಸು. "ಆಗ ನಾನು ಹಾಗೆ ಅಂದುಕೊಂಡಿದ್ದೆ, ಈಗ ಹೀಗೆ ಗೊತ್ತು" ಅಂತ ಅದೇ ಹೇಳುತ್ತೆ. ತಾನು ಎಷ್ಟು ಕಲಿತೆ ಅನ್ನೋದನ್ನ ಮಗು ತಾನೇ ಅಳೆಯೋಕೆ ಅದಕ್ಕಿಂತ ಒಳ್ಳೆ ಅಳತೆಗೋಲು ನಾವು ಕೊಡೋಕಾಗಲ್ಲ.